ದೋಣಿ ಇಂಜಿನ್ನಿನ ಬಾಣಂತನ

ಯಾವುದನ್ನೇ ಆಗಲಿ ಓಡಿಸುವುದು ಸುಲಭ, ಮಲಗಿಸುವುದು ಕಷ್ಟ. ನಿಮ್ಮ ಅಪ್ಪಂದಿರನ್ನೂ ಅಮ್ಮಂದಿರನ್ನೂ ಮಲಗಿಸುವುದರಲ್ಲೇ ನನ್ನ ಅರ್ಧ ಆಯುಸ್ಸು ಹೋಯಿತು. ಓಡುವುದನ್ನು ಅವರು ತಾವಾಗಿಯೇ ಕಲಿತರು. ಎತ್ತು ಓಡಿದರೆ ಓಡಿಸಿದವನನ್ನು ಊರೆಲ್ಲ ಹೊಗಳುತ್ತದೆ. ಸಂಜೆ ಅದರ ಮೈ ತಿಕ್ಕಿ, ಹುಲ್ಲು ಹಾಕಿ ಮಲಗಿಸಿದವಳು ಯಾರೆಂದು ಯಾರೂ ಕೇಳುವುದಿಲ್ಲ. ಇದನ್ನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ, ಅನುಭವದಿಂದ ಹೇಳುತ್ತಿದ್ದೇನೆ. ನಾನು ಮಕ್ಕಳನ್ನು ಮಲಗಿಸುವುದಕ್ಕೂ ಮೊದಲು ಒಂದು ಇಂಜಿನ್ನನ್ನು ಮಲಗಿಸಿದವಳು.

ಮೊನ್ನೆ ರಜೆಗೆಂದು ಇದ್ದಿಲ ಹೊಗೆಯಿಂದ ಓಡುವ ಬಸ್ಸಿನಲ್ಲಿ ಮುಖವೆಲ್ಲ ಮಸಿ ಮಾಡಿಕೊಂಡು ಬಂದಿರಲ್ಲ, ಆಗ ಕೊಟ್ಟಿಗೆಯ ಮೂಲೆಯಲ್ಲಿ ಗೋಣಿಯ ಕೆಳಗಿದ್ದ ದೊಡ್ಡ ಕಬ್ಬಿಣದ ಮೇಲೆ ಕುಳಿತು ಕುದುರೆಯಾಟ ಆಡುತ್ತಿದ್ದಿರಿ. "ಅಜ್ಜಿ, ಇದೇನು?" ಎಂದು ಕೇಳಿದಿರಿ. "ದೋಣಿ ಇಂಜಿನ್ನು" ಎಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕಿರಿ. ನಗದೆ ಇನ್ನೇನು ಮಾಡೀರಿ! ನಮ್ಮ ಮಧುಗಿರಿ ಸೀಮೆಯಲ್ಲಿ ಕಾಲು ತೊಳೆದ ನೀರನ್ನೇ ಬಾಳೆಗಿಡಕ್ಕೆ ಹಾಯಿಸಿ, ಬಾಳೆಗಿಡ ಕುಡಿದು ಬಿಟ್ಟದ್ದನ್ನು ಕೋಳಿಗಳು ಕುಡಿಯುತ್ತವೆ. ಇಲ್ಲಿ ದೋಣಿಯ ಇಂಜಿನ್ನಿದೆ ಎಂದರೆ ಮರಳುಗಾಡಿನಲ್ಲಿ ಮೀನುಬಲೆ ಇದೆ ಎಂದಂತೆ. ನಿಮ್ಮಲ್ಲಿ ದೊಡ್ಡವಳು "ಅಜ್ಜಿಗೆ ಅರಳುಮರಳು" ಎಂದು ಪಿಸುಗುಟ್ಟಿದ್ದೂ ನನಗೆ ಕೇಳಿಸಿತು. ಕಿವಿ ಇನ್ನೂ ನೆಟ್ಟಗಿದೆ. ಆಗಲೇ ಕಥೆ ಹೇಳಬಹುದಾಗಿತ್ತು. ಆದರೆ ಪಡಸಾಲೆಯಲ್ಲಿ ಅಳಿಯಂದಿರು ಕುಳಿತಿದ್ದರು. ನನಗೆ ಗಂಡಸರ ಎದುರು ಬಾಯಿ ಬರುವುದಿಲ್ಲ. ನಾಲ್ಕು ಕ್ಲಾಸು ಊರ ಶಾಲೆಯಲ್ಲಿ ಕಲಿತದ್ದರಿಂದ ಕೈ ಮಾತ್ರ ಬರುತ್ತದೆ. ಆದ್ದರಿಂದ ಬರೆದೇ ಹೇಳುತ್ತೇನೆ.

ಆಗ ನಾನು ಈ ಮನೆಗೆ ಹೊಸ ಸೊಸೆ. ಊರು ನಿಮಗೆ ಗೊತ್ತೇ ಇದೆ, ಐ.ಡಿ.ಹಳ್ಳಿಯಿಂದ ಎತ್ತಿನ ಗಾಡಿಯಲ್ಲಿ ಒಂದು ನಿದ್ದೆ ತೆಗೆಯುವಷ್ಟು ದೂರ. ನಿಮ್ಮ ತಾತ ಮಾರಿಕಣಿವೆಯ ಜಲಾಶಯದ ಬಳಿ ಒಬ್ಬ ಕಂಟ್ರಾಕ್ಟರ ಉಗ್ರಾಣದಲ್ಲಿ ಕೆಲಸಕ್ಕಿದ್ದರು. ಹಬ್ಬಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಹಬ್ಬದ ಅಡಿಗೆಯ ಗಡಿಬಿಡಿಯಲ್ಲಿ ನಾನು ಒಲೆಯ ಮುಂದೆ, ಅವರು ಗಂಡಸರ ಪಂಕ್ತಿಯಲ್ಲಿ. ಹಬ್ಬ ಮುಗಿಯುವ ಹೊತ್ತಿಗೆ ಬುತ್ತಿ ಕಟ್ಟಿಕೊಂಡು ಹೊರಟೇಬಿಡುತ್ತಿದ್ದರು. ಮದುವೆಯಾಗಿ ಬಹಳ ದಿನವಾದ ಮೇಲೂ ನನಗೆ ಅವರ ಮುಖಕ್ಕಿಂತ ಅವರ ಚಪ್ಪಲಿಯ ಗುರುತೇ ಚೆನ್ನಾಗಿತ್ತು.

ಆ ಕಂಟ್ರಾಕ್ಟರು ದೊಡ್ಡ ಅಧಿಕಾರಿಗಳು ಬಂದಾಗ ಜಲಾಶಯದಲ್ಲಿ ಸುತ್ತಾಡಿಸಲು ಒಂದು ಇಂಜಿನ್ ದೋಣಿ ಇಟ್ಟುಕೊಂಡಿದ್ದರಂತೆ. ಅಧಿಕಾರಿಗಳು ಬರುವುದು ಕಡಿಮೆಯಾಯಿತು. ದೋಣಿಯನ್ನು ದಡಕ್ಕೆಳೆದು ನಿಲ್ಲಿಸಿದರು. ನೀರಿನಲ್ಲಿ ಮುಳುಗಿ ಸಾಯಬೇಕಾಗಿದ್ದ ದೋಣಿ ನೆಲದ ಮೇಲೆ ಗೆದ್ದಲು ಹತ್ತಿ ಸತ್ತಿತು. ಕಂಟ್ರಾಕ್ಟರಿಗೆ ದೂರದ ಸೀಮೆಯಲ್ಲಿ ಬೇರೆ ಕೆಲಸ ಸಿಕ್ಕಿತು. ಹೊರಡುವಾಗ ಅವರು ನಿಮ್ಮ ತಾತನಿಗೆ, "ದೋಣಿ ಗೆದ್ದಲಿಗೆ ಹೋಯಿತು, ಇಂಜಿನ್ನು ನೀನು ತೆಗೆದುಕೊಂಡು ಹೋಗು. ನಿಮ್ಮ ಬಾವಿಗೆ ಕೂರಿಸಿಕೋ. ಅದು ಕೈಕೊಟ್ಟರೆ ನನ್ನ ಹತ್ತಿರ ಬಾ, ನಿನ್ನ ಜಾಗ ಖಾಲಿ ಇಟ್ಟಿರುತ್ತೇನೆ" ಎಂದರಂತೆ. ಒಳ್ಳೆಯ ಮನುಷ್ಯ. ಆದರೆ ಆ ಕೊನೆಯ ಮಾತನ್ನು ಅವರು ಆಡಬಾರದಾಗಿತ್ತು ಎಂದು ನಾನು ಎಷ್ಟು ದಿನ ಅಂದುಕೊಂಡಿದ್ದೇನೋ!

ಇಂಜಿನ್ನು ಶಿರಾ ದಾರಿಯಾಗಿ ಎತ್ತಿನ ಗಾಡಿಯಲ್ಲಿ, ಹುಲ್ಲಿನ ಮೆತ್ತೆಯ ಮೇಲೆ ಮಲಗಿಕೊಂಡು ಮದುವಣಗಿತ್ತಿಯ ಹಾಗೆ ಬಂತು. ನಾನು ಈ ಮನೆಗೆ ಬಂದಾಗ ಗಾಡಿಗೆ ಅಷ್ಟು ಹುಲ್ಲು ಹಾಸಿರಲಿಲ್ಲ. ಊರಿನ ಗಂಡಸರೆಲ್ಲ ಸುತ್ತ ನೆರೆದರು. ನಮ್ಮ ಮಾವನವರು ಅದರ ಸುತ್ತ ಒಂದು ಸುತ್ತು ಬಂದು, ಎಮ್ಮೆಯ ಹಲ್ಲು ನೋಡುವಂತೆ ಬಗ್ಗಿ ನೋಡಿ, "ದೋಣಿ ಓಡ್ಸಾಕೆ ಮೊದ್ಲು ನೀರು ಬೇಕು ಕಣ್ಲಾ. ನಮಗೆ ಕುಡಿಯಾಕೇ ಇಲ್ಲ, ಇದಕ್ಕೆ ತೇಲಾಕೆ ಎಲ್ಲಿಂದ ತರಾನ?" ಎಂದರು.

"ಇದು ತೇಲಾಕಲ್ಲಪ್ಪ, ಬಾವಿಯಿಂದ ನೀರು ಎತ್ತಾಕೆ. ಎತ್ತು ಬ್ಯಾಡ, ಕಪಿಲೆ ಬ್ಯಾಡ" ಎಂದರು ನಿಮ್ಮ ತಾತ. ಕಪಿಲೆ ಎಂದರೆ, ಎತ್ತುಗಳು ಇಳಿಜಾರಿನಲ್ಲಿ ಹಗ್ಗ ಎಳೆದಾಗ ಬಾವಿಯಿಂದ ನೀರು ತುಂಬಿಕೊಂಡು ಮೇಲೆ ಬರುವ ದೊಡ್ಡ ಚರ್ಮದ ಚೀಲ.

ಮಾವನವರ ಬಾಲ್ಯದ ಗೆಳೆಯ ಹನುಮಂತಜ್ಜ ಅಲ್ಲಿಯೇ ಇದ್ದ. ಅವನಿಗೆ ಊರಿನಲ್ಲಿ ಬೇರೆ ಕೆಲಸವಿರಲಿಲ್ಲ. ಇನ್ನೊಬ್ಬರ ಕೆಲಸಕ್ಕೆ ಹೆಸರಿಡುವುದೇ ಕೆಲಸ. "ದೋಣೀನ ಬುಟ್ಟು ಬಂದೈತೆ, ನೀರ್ನೂ ಬುಟ್ಟು ಬಂದೈತೆ. ಇನ್ನು ನಮ್ಮನ್ನ ಬುಟ್ಟೋಗಾಕೆ ಎಷ್ಟೊತ್ತು ಬೇಕ್ಲಾ ಇದಕ್ಕೆ?" ಎಂದ. ಜನ ನಕ್ಕರು. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ನನಗೆ ನಗು ಬರಲಿಲ್ಲ. ಇಂಜಿನ್ನಿನ ಜೊತೆಗೆ ನಿಮ್ಮ ತಾತನ ಪೆಟ್ಟಿಗೆ, ಹಾಸಿಗೆ, ಕೊಡೆ ಎಲ್ಲವೂ ಗಾಡಿಯಿಂದ ಇಳಿದಿದ್ದವು. ಅದನ್ನು ಆ ಗುಂಪಿನಲ್ಲಿ ನಾನೊಬ್ಬಳೇ ಗಮನಿಸಿದ್ದು.

ಪಂಪು ಜೋಡಿಸಿದ ಮೇಲೆ ಇಂಜಿನ್ನು ನೀರೆತ್ತಿತು. ಅದನ್ನು ಎಬ್ಬಿಸುವ ರೀತಿಯೇ ಬೇರೆ. ಅದರ ತಲೆಯ ಗುಂಡನ್ನು ಉರಿ ಊದುವ ದೀಪದಿಂದ ಕೆಂಪಗೆ ಕಾಯಿಸಬೇಕು, ಆಮೇಲೆ ಚಕ್ರವನ್ನು ಜೋರಾಗಿ ತಿರುಗಿಸಬೇಕು. ಆಗ ಅದು ಕೆಮ್ಮಿ, ಸೀನಿ, ಬಾಗಿದ ಕೊಳವೆಯಿಂದ ಹೊಗೆ ಬಿಟ್ಟು, ಢಬ್ ಢಬ್ ಎಂದು ಶುರುಮಾಡುತ್ತಿತ್ತು. ಆ ಚಳಿಗಾಲವೆಲ್ಲ ಈರುಳ್ಳಿಗೆ, ಮೆಣಸಿನಗಿಡಕ್ಕೆ ನೀರು ಹರಿಯಿತು. ನಿಮ್ಮ ತಾತ ಮೂರು ಹೊತ್ತೂ ಮನೆಯಲ್ಲಿ ಮುದ್ದೆ ಉಣ್ಣುತ್ತಿದ್ದರು. ಅವರ ಎಡಗೆನ್ನೆಯ ಮೇಲೆ ಒಂದು ಮಚ್ಚೆ ಇದೆ ಎಂಬುದು ನನಗೆ ಗೊತ್ತಾದದ್ದು ಆ ಚಳಿಗಾಲದಲ್ಲಿ.

ಶಿವರಾತ್ರಿ ಕಳೆಯುವ ಹೊತ್ತಿಗೆ ಬಾವಿಯ ನೀರು ತಳಕ್ಕಿಳಿಯಿತು. ಇಂಜಿನ್ನು ಎಷ್ಟು ಎಳೆದರೂ ಕೆಸರೇ ಬಂತು. ಇನ್ನು ಮಳೆ ಹಿಡಿದು ನೀರು ಮೇಲೇರುವವರೆಗೆ ಅದಕ್ಕೆ ಕೆಲಸವಿಲ್ಲ. ಕಪಿಲೆಯಾಗಿದ್ದರೆ ಬಿಚ್ಚಿ ಅಟ್ಟಕ್ಕೆ ಎಸೆಯುತ್ತಿದ್ದೆವು. ಇದನ್ನು ಹಾಗೆ ಎಸೆಯುವಂತಿಲ್ಲ ಎಂದು ನಿಮ್ಮ ತಾತ ಊಟಕ್ಕೆ ಕುಳಿತಾಗ ಹೇಳಿದರು. ಮಾರಿಕಣಿವೆಯಲ್ಲಿ ದೋಣಿ ನೋಡಿಕೊಳ್ಳುತ್ತಿದ್ದವರು ಅದನ್ನು ದಡಕ್ಕೆ ಎಳೆದ ಕಾಲದಲ್ಲಿ ಇಂಜಿನ್ನನ್ನು ಹೇಗೆ ನೋಡಿಕೊಳ್ಳುತ್ತಿದ್ದರು ಎಂಬುದನ್ನೆಲ್ಲ ವಿವರಿಸಿದರು. ಒಳಗೆ ಒಂದು ತೊಟ್ಟು ನೀರೂ ನಿಲ್ಲಬಾರದು. ಒಳಗೂ ಹೊರಗೂ ಎಣ್ಣೆ ಹಚ್ಚಬೇಕು. ತೂತುಗಳನ್ನೆಲ್ಲ ಮುಚ್ಚಬೇಕು, ಗಾಳಿ ಧೂಳು ತಾಗಬಾರದು. ತಂಡಿ ಇಲ್ಲದ ಕಡೆ ಹೊದಿಸಿ ಇಡಬೇಕು. ಹಾಗೇ ಬಿಟ್ಟರೆ ಒಳಗೇ ಕಚ್ಚಿಕೊಳ್ಳುತ್ತದೆ, ವಾರಕ್ಕೊಮ್ಮೆ ಚಕ್ರವನ್ನು ಅರ್ಧ ಸುತ್ತು ತಿರುಗಿಸಬೇಕು.

ಅತ್ತೆಯವರು ಮುದ್ದೆ ಬಡಿಸುವುದನ್ನು ನಿಲ್ಲಿಸಿ ಕೇಳಿದರು. "ಇಷ್ಟೇ ತಾನೆ? ಮೈಯಾಗೆ ನೀರು ನಿಲ್ಬಾರ್ದು, ಎಣ್ಣೆ ಹಚ್ಬೇಕು, ಕಿವಿ ಮುಚ್ಬೇಕು, ಬೆಚ್ಚಗೆ ಹೊದ್ಸಿ ಮಲಗಿಸ್ಬೇಕು, ಆಗಾಗ ಮಗ್ಗುಲು ಬದ್ಲಾಯಿಸ್ಬೇಕು. ಇದು ಬಾಣಂತನ ಕಣ್ಲಾ! ಇದನ್ನ ಕಲಿಯಾಕೆ ಮಾರಿಕಣಿವೆಗೆ ಹೋಗಿದ್ಯಾ? ನಿನ್ನ ಹೆತ್ತೋಳು ನಾನು, ನನ್ನ ಕೇಳಿದ್ರೆ ಹೇಳ್ತಿರ್ಲಿಲ್ವಾ?" ಎಂದರು.

ಮಾವನವರು ಕೈ ತೊಳೆಯುತ್ತಾ, "ಬಾಣಂತನನಾದ್ರೂ ಮಾಡ್ಕಳಿ, ನಾಮಕರಣನಾದ್ರೂ ಮಾಡ್ಕಳಿ. ಬಾವಿಗೆ ನೀರು ಬಂದ ದಿನ ಇದು ಎದ್ದು ಕೂಗ್ಬೇಕು. ಕೂಗ್ಲಿಲ್ಲ ಅಂದ್ರೆ ಅವತ್ತೇ ಕಪಿಲೆ ಕಟ್ಟಿಸ್ತೀನಿ. ಈ ಕಬ್ಬಿಣ ಶಿರಾ ಸಂತೆಗೆ ಹೋಗ್ಲಿ" ಎಂದರು.

"ಹಂಗಾದ್ರೆ ನಾನೂ ಕಂಟ್ರಾಕ್ಟರ ತಾವ ಹೋಯ್ತೀನಿ ಬುಡಪ್ಪ. ಕಪಿಲೆ ಹೊಡಿಯಾಕೆ ನಾನ್ಯಾಕೆ?" ಎಂದು ನಿಮ್ಮ ತಾತ ನಕ್ಕರು. ಅವರು ನಗುತ್ತಾ ಹೇಳಿದರು. ಆದರೆ ಅವರು ನಗುತ್ತಾ ಹೇಳಿದ್ದನ್ನೆಲ್ಲ ಮಾಡುವ ಮನುಷ್ಯ. ನಾನು ಒಲೆಯ ಮುಂದೆ ಕುಳಿತು ಎಲ್ಲವನ್ನೂ ಕೇಳಿಸಿಕೊಂಡೆ. ಆ ಕ್ಷಣದಿಂದ ಇಂಜಿನ್ನಿನ ಬಾಣಂತನದಲ್ಲಿ ನನ್ನಷ್ಟು ಶ್ರದ್ಧೆ ಆ ಮನೆಯಲ್ಲಿ ಇನ್ನು ಯಾರಿಗೂ ಇರಲಿಲ್ಲ.

ನಾಲ್ಕಾರು ಆಳುಗಳು ಬಿದಿರು ಬೊಂಬಿಗೆ ಕಟ್ಟಿ ಇಂಜಿನ್ನನ್ನು ಹೊತ್ತು ತಂದರು. ಅತ್ತೆಯವರು ಅದನ್ನು ನೇರವಾಗಿ ನಡುಮನೆಯ ಕತ್ತಲೆ ಕೋಣೆಗೆ ಸೇರಿಸಿದರು. ಈ ಮನೆಯ ಹೆಂಗಸರೆಲ್ಲ ಬಾಣಂತನ ಮಾಡಿಸಿಕೊಂಡ ಕೋಣೆ ಅದು. ನಿಮ್ಮ ತಾತ ಹಿಂದೆಯೇ ನುಗ್ಗಲು ಹೋದರೆ ಅತ್ತೆಯವರು ಬಾಗಿಲಿಗೆ ಕೈ ಅಡ್ಡ ಇಟ್ಟು, "ಬಾಣಂತಿ ಕೋಣೇಲಿ ಗಂಡಸ್ರಿಗೆ ಏನು ಕೆಲ್ಸ? ಆಚೆ ನಡೀಲಾ" ಎಂದರು. "ಅವ್ವ, ಇದು ಇಂಜಿನ್ನು!" ಎಂದು ಅವರು ಗೋಗರೆದರು. "ಇರ್ಲಿ. ನೀನು ಎದ್ದು ನೆಟ್ಟಗಾಗಿದ್ದೂ ಇದೇ ಕೋಣೇಲೇ" ಎಂದು ಬಾಗಿಲು ಹಾಕಿಕೊಂಡರು. ಹೀಗಾಗಿ ಒಳಗೆ ಏನೇನು ನಡೆಯಿತು ಎಂಬುದು ಅತ್ತೆಯವರಿಗೂ ನನಗೂ ಬಿಟ್ಟರೆ ಲೋಕದಲ್ಲಿ ಇನ್ನು ಯಾರಿಗೂ ತಿಳಿಯಲಿಲ್ಲ. ಇದನ್ನು ನೀವು ಚೆನ್ನಾಗಿ ನೆನಪಿಟ್ಟುಕೊಳ್ಳಬೇಕು. ಮುಂದೆ ಆದ ಅವಾಂತರಕ್ಕೆಲ್ಲ ಆ ಬಾಗಿಲೇ ಕಾರಣ.

ಮೊದಲು ಅದರ ಹೊಟ್ಟೆಯ ನೀರನ್ನೆಲ್ಲ ಬಸಿದೆವು. ಮೈಯನ್ನು ಹಳೆಯ ಸೀರೆಯಿಂದ ಒರೆಸಿದೆವು. ಅತ್ತೆಯವರು ಹರಳೆಣ್ಣೆಯನ್ನು ಬೆಚ್ಚಗೆ ಮಾಡಿ ತಲೆಯ ತೂತಿನೊಳಗೆ ಹೊಯ್ದರು, "ನೆತ್ತಿಗೆ ಇಳೀಲಿ" ಎಂದು ತಟ್ಟಿದರು. ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಹೊಗೆ ಕೊಟ್ಟರು. ಹೊಗೆ ಬಿಡುವ ಇಂಜಿನ್ನಿಗೇ ಹೊಗೆ ಕುಡಿಸಿದ ಧೀರೆ ನಮ್ಮ ಅತ್ತೆ. ತಲೆಗೆ ಕಂಬಳಿಯ ತುಂಡು ಸುತ್ತಿ ಬಿಗಿಯಾಗಿ ಗಂಟು ಹಾಕಿದರು. ಬಾಣಂತಿಯ ತಲೆದೆಸೆಯಲ್ಲಿ ದೃಷ್ಟಿ ತಾಗದಿರಲೆಂದು ಕಬ್ಬಿಣ ಇಡುವುದು ರೂಢಿ. ಕುಡುಗೋಲು ಹಿಡಿದು ಬಂದವರು ಅಲ್ಲಿಯೇ ನಿಂತರು. "ಇದರ ಮೈಯೆಲ್ಲಾ ಕಬ್ಬಿಣವೇ. ಕಬ್ಬಿಣಕ್ಕೆ ಕಬ್ಬಿಣ ಕಾವಲಾ?" ಎಂದು ಬಹಳ ಹೊತ್ತು ಯೋಚಿಸಿದರು. ಕೊನೆಗೆ, "ಪೋಲೀಸಿನವನ ಮನೆಗೂ ಕಳ್ಳ ಬರ್ತಾನೆ, ಇರ್ಲಿ" ಎಂದು ಕುಡುಗೋಲನ್ನು ಇಟ್ಟೇಬಿಟ್ಟರು. ಬೆಳ್ಳುಳ್ಳಿ ಮೆಣಸಿನ ಖಾರ ಕೊಡಬೇಕೆಂದೂ ಅವರ ಮನಸ್ಸಿನಲ್ಲಿತ್ತು. ಬಾಗಿಲ ಆಚೆಯಿಂದಲೇ ನಿಮ್ಮ ತಾತ, "ಅವ್ವ, ಅದು ಉಣ್ಣಾಕಿಲ್ಲ!" ಎಂದು ಕೂಗಿದ್ದಕ್ಕೆ, "ಉಣ್ದಿದ್ರೆ ಎದ್ದೇಳಾಕೆ ತ್ರಾಣ ಎಲ್ಲಿಂದ ಬತ್ತದೆ?" ಎಂದು ಗೊಣಗಿ ಸುಮ್ಮನಾದರು.

ಉಳಿದದ್ದು ಕಿವಿ. "ಅರಳೆ ಇಡಮ್ಮಿ, ಗಾಳಿ ಹೊಗದಂಗೆ" ಎಂದು ಅತ್ತೆಯವರು ಅಪ್ಪಣೆ ಮಾಡಿ ಸ್ನಾನಕ್ಕೆ ಹೋದರು. ಸಣ್ಣಪುಟ್ಟ ತೂತುಗಳಿಗೆ ಅರಳೆ ಸಾಕಾಯಿತು. ಹೊಗೆ ಹೋಗುವ ಕೊಳವೆ ಮಾತ್ರ ಮನುಷ್ಯನ ಮೊಣಕೈಯಂತೆ ಬಾಗಿತ್ತು, ಬಾಯಿಯೂ ದೊಡ್ಡದು. ಇದ್ದ ಅರಳೆಯೆಲ್ಲ ಅದರೊಳಗೆ ಹೋಗಿ ಕಾಣದಾಯಿತು. ಮನೆಯಲ್ಲಿ ಬೇರೆ ಹರಕು ಬಟ್ಟೆ ಇರಲಿಲ್ಲ. ಇದ್ದದ್ದೆಲ್ಲ ಅದರ ಮೈ ಒರೆಸಿ ಎಣ್ಣೆಯಾಗಿತ್ತು. ಸುತ್ತ ನೋಡಿದೆ. ಗಳುವಿನ ಮೇಲೆ ನನ್ನದೇ ಒಂದು ಹಳೆಯ ಹಸಿರು ಕುಪ್ಪಸ ಒಣಗುತ್ತಿತ್ತು. ಅದನ್ನು ಹರಳೆಣ್ಣೆಯಲ್ಲಿ ಅದ್ದಿ, ಉಂಡೆ ಮಾಡಿ, ಮುದ್ದೆ ತಿರುವುವ ಕೋಲಿನಿಂದ ಕೊಳವೆಯ ಮೊಣಕೈವರೆಗೂ ತುರುಕಿದೆ. ಇರುವೆ ಕೂಡ ಒಳಗೆ ಹೋಗುವಂತಿರಲಿಲ್ಲ. ನನ್ನ ಕೆಲಸಕ್ಕೆ ನಾನೇ ಮೆಚ್ಚಿದೆ.

ಅಲ್ಲಿಂದ ಮುಂದೆ ಪ್ರತಿ ಸೋಮವಾರ ಕಸ ಗುಡಿಸಿದ ಮೇಲೆ ಕೋಣೆಗೆ ಹೋಗಿ ಚಕ್ರ ತಿರುಗಿಸುವುದು ನನ್ನ ಪಾಲಿಗೆ ಬಂತು. ಮನೆಯಲ್ಲಿ ನಾನು ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಅತ್ತೆಗೆ "ಹ್ಞೂಂ", ನೆರೆಯವರಿಗೆ ನಗು, ಮಾವನವರಿಗೆ ಸೆರಗು. ಆದರೆ ಆ ಕತ್ತಲೆಯಲ್ಲಿ ಇಂಜಿನ್ನಿನ ಜೊತೆ ಮಾತು ತಾನಾಗಿ ಬಂತು. "ಮಗ್ಗುಲು ಬದಲಾಯಿಸಮ್ಮ, ಹಾಗೇ ಬಿದ್ದಿರಬೇಡ. ಮಳೆ ಬಂದಮೇಲೆ ಒಂದೇ ಒಂದು ಸಲ ಕೂಗಿಬಿಡು ತಾಯಿ, ಅವರು ಊರು ಬಿಟ್ಟು ಹೋಗದ ಹಾಗೆ ಮಾಡು" ಎನ್ನುತ್ತಿದ್ದೆ. ಅದು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿತ್ತು. ನಡುವೆ ಬಾಯಿ ಹಾಕುತ್ತಿರಲಿಲ್ಲ. ಅಂಥ ಗೆಳತಿ ನನಗೆ ಆಮೇಲೆ ಸಿಕ್ಕಿಲ್ಲ.

ಇಷ್ಟರಲ್ಲಿ ಒಂದು ತಮಾಷೆ ನಡೆಯಿತು. ನಮ್ಮ ನಾದಿನಿಯನ್ನು ಕೊರಟಗೆರೆಯ ಕಡೆ ಕೊಟ್ಟಿದ್ದರು. ಅವಳಿಗೆ ದಿನ ತುಂಬುತ್ತಿತ್ತು. ಹೆರಿಗೆಗೆ ತವರಿಗೆ ಬರಬೇಕು. ಊರೂರು ತಿರುಗುವ ಬಳೆಗಾರ ನಮ್ಮ ಮನೆಯಲ್ಲಿ ಸಾಂಬ್ರಾಣಿ ವಾಸನೆ, ಮುಚ್ಚಿದ ಕೋಣೆ, ಅತ್ತೆಯವರ ಗಡಿಬಿಡಿ ಎಲ್ಲ ನೋಡಿ ಹೋಗಿದ್ದ. ಅವನು ಅಲ್ಲಿ ಏನು ಹೇಳಿದನೋ, ನಾದಿನಿಯ ಅತ್ತೆಯಿಂದ ಹೇಳಿಕೆ ಬಂತು: "ನಿಮ್ಮ ಮನೇಲಿ ಆಗ್ಲೇ ಒಬ್ಳು ಬಾಣಂತಿ ಮಲಗವಳಂತೆ. ಒಂದೇ ಸೂರಿನಡಿ ಎರಡು ಬಾಣಂತನ ಆಗಾಕಿಲ್ಲ. ನೀವೇ ಇಲ್ಲಿಗೆ ಬನ್ನಿ." ಅದು ಇಂಜಿನ್ನು ಎಂದು ಹೇಳಿ ಕಳುಹಿಸಿದರು. "ಯಾರಾದ್ರೇನು, ಬಾಣಂತಿ ಬಾಣಂತಿಯೇ" ಎಂದು ಮರುಹೇಳಿಕೆ ಬಂತು. ಹಾಗೆ ಬಾಣಂತನವೆಂದು ಸಾರಿದವರು ಅತ್ತೆಯವರೇ ಆದ್ದರಿಂದ ಖಾರದ ಪುಡಿ ಕಟ್ಟಿಕೊಂಡು ಗಾಡಿ ಹತ್ತಿದರು. ಹೀಗೆ ಕೋಣೆಯ ಗುಟ್ಟು ಬಲ್ಲ ಇಬ್ಬರಲ್ಲಿ ಒಬ್ಬರು ಊರಿನಲ್ಲೇ ಇಲ್ಲದಾದರು. ಉಳಿದವಳಿಗೆ ಬಾಯಿ ಇರಲಿಲ್ಲ.

ಆ ವರ್ಷ ಮಳೆರಾಯ ಮನಸ್ಸು ಮಾಡಿದ. ಮಹಾನವಮಿಯ ಹಿಂದೆಮುಂದೆ ಹಿಡಿದು ಹೊಡೆಯಿತು. ಬಾವಿಯ ನೀರು ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಬಂತು. ಒಂದು ಸಂಜೆ ಆಳುಗಳು ಬಂದರು. ಗಂಡಸರು ಒಳಗೆ ಬರುವಾಗ ನಾನು ಅಡಿಗೆಮನೆಗೆ ಸರಿಯಬೇಕಾಯಿತು. ಅವರು ಕಂಬಳಿ ಬಿಚ್ಚಿ, ಕಣ್ಣಿಗೆ ಕಂಡ ಅರಳೆಯನ್ನೆಲ್ಲ ಕಿತ್ತು, ಇಂಜಿನ್ನನ್ನು ಬಾವಿಗೆ ಹೊತ್ತುಕೊಂಡು ಹೋದರು. ಕಾವಲಿಗೆಂದು ನಿಮ್ಮ ತಾತ ಅಲ್ಲಿಯೇ ಉಳಿದರು. ಕೊಳವೆಯ ವಿಷಯ ಅವರ ಕಿವಿಗೆ ಹಾಕಲು ನನಗೆ ಸಂದರ್ಭವೇ ಸಿಗಲಿಲ್ಲ. ಬೆಳಗ್ಗೆ ಬುತ್ತಿ ಕೊಡುವಾಗ ಹೇಳಿದರಾಯಿತು ಎಂದುಕೊಂಡೆ.

ಬುತ್ತಿ ಹೊತ್ತು ಬಾವಿಯ ಹತ್ತಿರ ಹೋಗಿ ನೋಡಿದರೆ ಅರ್ಧ ಊರು ಅಲ್ಲಿತ್ತು. ನಿಮ್ಮ ತಾತ ಬೆವರಿನಲ್ಲಿ ಮಿಂದಿದ್ದರು. ತಲೆಗುಂಡು ನಿಗಿನಿಗಿ ಎನ್ನುತ್ತಿತ್ತು. ಅವರು ಚಕ್ರ ತಿರುಗಿಸುತ್ತಿದ್ದರು. ಇಂಜಿನ್ನು ಒಂದು ಸಲ "ಖೊಕ್" ಎಂದು ಸುಮ್ಮನಾಗುತ್ತಿತ್ತು. ಮತ್ತೆ ತಿರುಗಿಸಿದರೆ ಮತ್ತೆ ಒಂದು "ಖೊಕ್".

"ಬಾಣಂತಿಗೆ ನೆಗಡಿ ಆಗೈತೆ ಕಣ್ಲಾ, ಕಷಾಯ ಕುಡ್ಸು" ಎಂದ ಹನುಮಂತಜ್ಜ.

"ಸುಮ್ಕಿರಜ್ಜ, ನಿನ್ನ ದಮ್ಮಯ್ಯ" ಎಂದರು ನಿಮ್ಮ ತಾತ. ಅವರ ದನಿಯಲ್ಲಿ ಮೊದಲಿನ ನಗು ಇರಲಿಲ್ಲ.

ಮಾವನವರು ಬಾವಿಯ ಕಟ್ಟೆಯ ಮೇಲೆ ಕುಳಿತಿದ್ದರು. ಎಲೆಅಡಿಕೆ ಉಗಿದು ಎದ್ದರು. "ಸಾಕು ಬುಡ್ಲಾ. ಸತ್ತಿರಾದ್ರ ಕಾಲು ಎಷ್ಟು ತಿರುವುದ್ರೂ ಅಷ್ಟೇಯ. ಯಾರಾದ್ರೂ ಮನೆಗೋಗಿ ಅಟ್ಟದ ಮ್ಯಾಗ್ಳಿಂದ ಕಪಿಲೆ ಇಳಿಸ್ಕಂಬನ್ನಿ" ಎಂದರು. ಇಬ್ಬರು ಹೊರಟೇಬಿಟ್ಟರು. ನಿಮ್ಮ ತಾತ ಚಕ್ರ ಬಿಟ್ಟು, ಕೈಯ ಎಣ್ಣೆಯನ್ನು ನಿಧಾನವಾಗಿ ಒರೆಸಿಕೊಳ್ಳತೊಡಗಿದರು. ಪ್ರಯಾಣಕ್ಕೆ ಹೊರಡುವವರು ಕೈ ಒರೆಸಿಕೊಳ್ಳುವ ರೀತಿ ಅದು. ನನಗೆ ಚಪ್ಪಲಿಯ ಸದ್ದು ಆಗಲೇ ದೂರವಾದಂತೆ ಕೇಳಿಸಿತು.

ನಾನು ಹುಣಿಸೆಮರದ ಮರೆಯಲ್ಲಿ ನಿಂತು ಅವರಿಗೆ ಕಣ್ಸನ್ನೆ ಮಾಡಿದೆ. ಅವರು, "ಊಟ ಬ್ಯಾಡ, ಇಡು" ಎಂದರು. ಕಿವಿ ಮುಟ್ಟಿ ತೋರಿಸಿದೆ; ಬಾಣಂತಿಯ ಕಿವಿ ಎಂದು ಅರ್ಥವಾಗಲಿ ಎಂದು. ಅವರು ನೋಡಿದರು. ಮತ್ತೆ ಮುಟ್ಟಿದೆ. "ಓಲೆ ಬಿದ್ದೋಯ್ತಾ?" ಎಂದು ಗಟ್ಟಿಯಾಗಿ ಕೇಳಿಬಿಟ್ಟರು. ಅಷ್ಟೇ! ಇಂಜಿನ್ನು ಬಿಟ್ಟು ಎಲ್ಲ ಗಂಡಸರೂ ನೆಲ ನೋಡತೊಡಗಿದರು. ಹನುಮಂತಜ್ಜ ಮಂಡಿಯೂರಿ ಹುಲ್ಲು ಸರಿಸಿ, "ಕೆಂಪು ಹರಳಿಂದಾ, ಬಿಳಿ ಹರಳಿಂದಾ?" ಎಂದು ವಿಚಾರಿಸಿದ. ನನ್ನ ಎರಡು ಓಲೆಗಳೂ ಕಿವಿಯಲ್ಲೇ ಫಳಫಳ ಹೊಳೆಯುತ್ತಿದ್ದವು. ಗಂಡಸರು ಹುಡುಕುವುದು ಹಾಗೆಯೇ.

ಇನ್ನು ಬಾಯಿ ಬಿಡದೆ ಗತ್ಯಂತರವಿರಲಿಲ್ಲ. ಆ ಕಾಲದಲ್ಲಿ ಸೊಸೆ ಮಾವನೆದುರು ಮಾತಾಡುವಂತಿರಲಿಲ್ಲ. ತೀರಾ ಆಡಲೇಬೇಕಾದರೆ ಎದುರಿಗಿದ್ದ ದನಕ್ಕೋ ಕಂಬಕ್ಕೋ ಹೇಳುವಂತೆ ಹೇಳಬೇಕು, ಮಾವ ಕೇಳಿಸಿಕೊಳ್ಳಬೇಕು. ಹುಣಿಸೆಮರಕ್ಕೆ ನಮ್ಮ ಎಮ್ಮೆ ಗೌರಿಯನ್ನು ಕಟ್ಟಿದ್ದರು. ಸೆರಗು ಎಳೆದುಕೊಂಡು ಗೌರಿಯ ಕಡೆ ತಿರುಗಿದೆ. ಮೆಲ್ಲಗೆ ಹೇಳಬೇಕೆಂದೇ ಇದ್ದೆ. ಅಷ್ಟು ತಿಂಗಳು ಒಳಗಿದ್ದ ದನಿ ಒಂದೇ ಸಲ ನುಗ್ಗಿತೋ ಏನೋ, ಬಾವಿಯೊಳಗೆ ಮಾರ್ದನಿಯಾಗುವಂತೆ ಬಂತು: "ಲೇ ಗೌರಿ! ಬಾಣಂತಿ ಕಿವಿಗೆ ತುರುಕಿರೋ ಬಟ್ಟೆ ಹಂಗೇ ಐತೆ! ಹೊಗೆ ಹೋಗೋ ಕೊಳವೆ ಒಳಗೆ, ಮೊಣಕೈ ತಾವ! ಅದನ್ನ ತೆಗೀದಂಗೆ ವರ್ಸೆಲ್ಲಾ ತಿರುವುದ್ರೂ ಅದಕ್ಕೆ ಉಸಿರು ಹೆಂಗೆ ಬತ್ತದೆ?"

ಗೌರಿ ಮೆಲುಕು ಹಾಕುವುದನ್ನು ನಿಲ್ಲಿಸಿ ನನ್ನನ್ನೇ ನೋಡಿತು. ಅದರ ಜನ್ಮದಲ್ಲಿ ಅದಕ್ಕೆ ಯಾರೂ ಇಷ್ಟು ಉಪಯುಕ್ತ ವಿಷಯ ಹೇಳಿರಲಿಲ್ಲ. ಮಾವನವರು ಕೆಮ್ಮಿ ಗಂಟಲು ಸರಿಮಾಡಿಕೊಂಡು, ಅವರೂ ಎಮ್ಮೆಯನ್ನೇ ಕೇಳಿದರು: "ಎಂಥಾ ಬಟ್ಟೆ ಅಂತ ಕೇಳಮ್ಮ ಗೌರಿ. ದಪ್ಪದ್ದಾ, ತೆಳ್ಳಗಿಂದಾ? ಒಳಗೆ ಹರಿದು ಕೂತ್ರೆ ಕಷ್ಟ."

ಇದಕ್ಕೆ ನಾನು ಏನು ಹೇಳಲಿ? ಅಷ್ಟು ಗಂಡಸರ ಮುಂದೆ ಕುಪ್ಪಸದ ಹೆಸರು ಎತ್ತುವುದಕ್ಕಿಂತ ಬಾವಿ ವಾಸಿ ಎನ್ನಿಸಿತು. "ಹಳೇದು ಅಂತ ಹೇಳು ಗೌರಿ" ಎಂದೆ, ಈ ಸಲ ಯಾರಿಗೂ ಕೇಳಿಸದ ಹಾಗೆ.

ನಿಮ್ಮ ತಾತ ಆಗಲೇ ಕೊಡೆಯ ಒಂದು ಕಡ್ಡಿ ಮುರಿದು ತುದಿ ಬಗ್ಗಿಸಿ ಕೊಳವೆಗೆ ಬಿಟ್ಟಿದ್ದರು. ಹೊಸ ಕೊಡೆ. ಎಳೆದರು. ಮೊದಲು ಕಡ್ಡಿಯ ತುದಿಗೆ ಬರೀ ಎಣ್ಣೆ ಬಂತು. ಆಮೇಲೆ ಹಸಿರಿನದು ಏನೋ ಇಣುಕಿತು. ಎಳೆದ ಹಾಗೆಲ್ಲ ನಿಧಾನವಾಗಿ ಒಂದು ತೋಳು ಬಂತು. ಜನ ಕುತ್ತಿಗೆ ಚಾಚಿದರು. ಇನ್ನಷ್ಟು ಎಳೆದರು, ಇನ್ನೊಂದು ತೋಳು ಬಂತು. ಎಣ್ಣೆ ತೊಟ್ಟಿಕ್ಕುತ್ತಾ, ಹಿಂದಿದ್ದ ಅರಳೆಯನ್ನೂ ಎಳೆದುಕೊಂಡು ಅದು ಪೂರ್ತಿ ಹೊರಬಂದು ಕಡ್ಡಿಯ ತುದಿಯಲ್ಲಿ ಎರಡೂ ತೋಳು ಚಾಚಿ ನೇತಾಡಿತು. ಅದೇನೆಂದು ಎಲ್ಲರಿಗೂ ತಿಳಿಯಿತು. ತಿಳಿದದ್ದನ್ನು ಯಾರೂ ಹೇಳುವಂತಿರಲಿಲ್ಲ. ಹನುಮಂತಜ್ಜನಿಗೆ ಮಾತ್ರ ತಡೆಯಲಾಗಲಿಲ್ಲ. "ಇದೇನ್ಲಾ ಇದು, ಇಂಜಿನ್ನೂ ಕುಪ್ಪಸ ತೊಡ್ತದಾ?" ಎಂದ.

"ಬಾಣಂತಿ ಅಂದ್ಮೇಲೆ ತೊಡ್ದೆ ಇನ್ನೇನು, ನಿನ್ನಂಗೆ ಬರೀ ಮೈಯಾಗಿರ್ತದಾ?" ಎಂದರು ಮಾವನವರು. ಅವರು ನಮ್ಮ ಕಡೆ ಸೇರಿದ್ದು ಆ ಮಾತಿನಲ್ಲೇ ಎಂದು ನನ್ನ ಲೆಕ್ಕ. ನಿಮ್ಮ ತಾತ ಅದನ್ನು ಗಬಕ್ಕನೆ ಮುದುರಿ ಕಂಕುಳಲ್ಲಿ ಇಟ್ಟುಕೊಂಡು, ಹಾಗೆಯೇ ಒಂದು ತೋಳು ಬಿಗಿಹಿಡಿದು ಚಕ್ರ ತಿರುಗಿಸಿದರು.

"ಖೊಕ್." "ಖೊಕ್, ಖೊಕ್." ಕೊಳವೆಯಿಂದ ಬಿಳಿಯ ಹೊಗೆ ಸುರುಳಿಯಾಗಿ ಎದ್ದಿತು, ಊರಿನ ಬಾಣಂತನಗಳೆಲ್ಲ ಒಟ್ಟಿಗೆ ನೆನಪಾಗುವಂತೆ ಹರಳೆಣ್ಣೆಯ, ಸಾಂಬ್ರಾಣಿಯ ವಾಸನೆ. ಆಮೇಲೆ ಢಬ್ ಎಂದಿತು, ಢಬ್ ಢಬ್ ಎಂದಿತು, ಮತ್ತೆ ನಿಲ್ಲಲೇ ಇಲ್ಲ. ನೆಲ ನಡುಗಿತು. ಬುತ್ತಿಯ ಮೇಲಿನ ತಟ್ಟೆ ಕುಣಿಯಿತು. ಕೊಂಚ ಹೊತ್ತಿಗೆ ಕಾಲುವೆಯ ಬಾಯಿಗೆ ಕೆಂಪು ನೀರು, ಅದರ ಹಿಂದೆ ತಿಳಿನೀರು ಧಾರೆಯಾಗಿ ಬಿತ್ತು. ಗೌರಿ ಬೆದರಿ ಹಗ್ಗ ಕಿತ್ತುಕೊಂಡು, ಬಾಲ ಎತ್ತಿಕೊಂಡು ಊರ ಕಡೆ ಓಡಿತು. ಎದುರಿಗೆ ಕಪಿಲೆ ಹೊತ್ತು ಬರುತ್ತಿದ್ದ ಇಬ್ಬರೂ ಅದನ್ನು ಬಿಸಾಕಿ ಬೇಲಿ ಹಾರಿದರಂತೆ.

ಮಾವನವರು ಬೊಗಸೆಯಲ್ಲಿ ನೀರು ಹಿಡಿದು ಮುಖಕ್ಕೆ ಎರಚಿಕೊಂಡರು. ಆಮೇಲೆ ಏನೋ ಹೇಳಬೇಕೆಂದು ಹುಣಿಸೆಮರದ ಕಡೆ ತಿರುಗಿದರು. ಅಲ್ಲಿ ತುಂಡು ಹಗ್ಗ ಮಾತ್ರ ಇತ್ತು. ಸ್ವಲ್ಪ ಹೊತ್ತು ಆ ಹಗ್ಗವನ್ನೂ ನನ್ನನ್ನೂ ನೋಡಿದರು. "ಎಮ್ಮೆ ಓಡೋಯ್ತು. ಇನ್ನು ನಿಂಗೇ ಹೇಳ್ಬೇಕು ಕಣಮ್ಮ" ಎಂದರು. "ಚೆಂದಾಗಿ ಮಲಗ್ಸಿದ್ದೆ ಅದನ್ನ. ಒಳಗೆ ಒಂದು ಚೂರು ತುಕ್ಕಿಲ್ಲ. ಬರೋ ವರ್ಸನೂ ನೀನೇ ಮಲಗ್ಸು."

ಬರುವ ವರ್ಷವೂ ಇಂಜಿನ್ನು ಇರುತ್ತದೆ ಎಂದಾಯಿತಲ್ಲ! ನಾನು ತಲೆ ಬಗ್ಗಿಸಿ ಕಾಲುವೆಯ ನೀರಿನಲ್ಲಿ ಕಾಲು ಇಟ್ಟು ನಿಂತೆ. ಸೀರೆಯ ಅಂಚು ನೆನೆದದ್ದು ತಿಳಿಯಲಿಲ್ಲ. ನಿಮ್ಮ ತಾತ ಸಂಜೆ ಮನೆಗೆ ಬಂದು ಕಂಕುಳಿನಿಂದ ಆ ಹಸಿರು ಮುದ್ದೆಯನ್ನು ತೆಗೆದು ನನ್ನ ಮುಂದೆ ಇಟ್ಟರು. "ಓಲೆ ಅಂತ ಯಾಕೆ ತಪ್ಪು ದಾರಿ ತೋರ್ಸಿದೆ?" ಎಂದು ನನ್ನನ್ನೇ ದಬಾಯಿಸಿದರು. ಕಂಟ್ರಾಕ್ಟರು ಮುಂದಿನ ಬೇಸಿಗೆಯಲ್ಲಿ ಹೇಳಿ ಕಳುಹಿಸಿದಾಗ, "ಮನೆಯಲ್ಲಿ ಬಾಣಂತಿ ಇದ್ದಾಳೆ, ಬಿಟ್ಟು ಬರುವಂತಿಲ್ಲ" ಎಂದು ಮರುಹೇಳಿಕೆ ಕೊಟ್ಟರು. ಅದರ ಮಾರನೆಯ ವರ್ಷ ನಿಮ್ಮ ದೊಡ್ಡಪ್ಪ ಹುಟ್ಟಿದ. ಕತ್ತಲೆ ಕೋಣೆಯನ್ನು ನನಗೆ ಕೊಡಬೇಕೋ ಇಂಜಿನ್ನಿಗೆ ಕೊಡಬೇಕೋ ಎಂದು ಅತ್ತೆಯವರು ಎರಡು ದಿನ ನಿಜವಾಗಿಯೂ ಯೋಚಿಸಿದರು.

ಈ ಸುದ್ದಿ ಹೇಗೆ ಹಬ್ಬಿತೋ, ನನಗೆ ಸೀಮೆಯಲ್ಲಿ ಹೆಸರು ಬಂದುಬಿಟ್ಟಿತು. ಒಂದು ಮಧ್ಯಾಹ್ನ ಪಾವಗಡದ ಕಡೆ ವೈ.ಎನ್.ಹೊಸಕೋಟೆಯಿಂದ ಒಬ್ಬರು ಗಾಡಿ ಕಟ್ಟಿಕೊಂಡು ಬಂದರು. ಕಡಲೆಕಾಯಿ ಎಣ್ಣೆ ತೆಗೆಯಲು ಹೊಸದಾಗಿ ಇಂಜಿನ್ನು ತಂದವರಂತೆ. ದೊಡ್ಡ ರುಮಾಲು, ಕೈಯಲ್ಲಿ ಬೆತ್ತ. ಮನೆಯಲ್ಲಿ ಗಂಡಸರು ಯಾರೂ ಇರಲಿಲ್ಲ. ಅವರು ಅಂಗಳದಲ್ಲಿ ನಿಂತು, "ಅಮ್ಮಾ, ಇಂಜಿನ್ನಿಗೆ ಬಾಣಂತನ ಚೇಸೇ ಅಮ್ಮಗಾರು ಈ ಮನೇಲಿ ಇದ್ದಾರಂತೆ, ಇದ್ದಾರಾ ಅಂಡಿ?" ಎಂದು ಆ ಕಡೆಯವರಂತೆ ಕನ್ನಡಕ್ಕೆ ತೆಲುಗು ಬೆರೆಸಿ ಕೂಗಿದರು.

ಬಾಗಿಲ ಹಿಂದೆ ಅಡಗಿ ನಿಂತು ನಾನೇ ಕೂಗಿದೆ: "ಅವರು ಮನೆಯಾಗಿಲ್ಲ!"

"ಅಯ್ಯೋ! ಎಪ್ಪುಡು ಬರ್ತಾರೆ? ನಮ್ಮ ಇಂಜಿನ್ನು ಬೇಸಿಗೆ ಮಲಗಿದ್ದು ಏಳ್ತಾನೇ ಇಲ್ಲಮ್ಮ" ಎಂದರು ಅವರು.

"ಅವರು ಬರಾದು ಗೊತ್ತಿಲ್ಲ" ಎಂದೆ. ಅಷ್ಟಕ್ಕೆ ಸುಮ್ಮನಿರಬೇಕಾಗಿತ್ತು. ಪಾಪ, ಅವರು ಬಿಸಿಲಿನಲ್ಲಿ ತಿರುಗಿ ಹೊರಟರು. ಗಾಡಿಯ ಹತ್ತಿರ ಹೋಗುವವರೆಗೂ ತಡೆದುಕೊಂಡೆ. ಆಮೇಲೆ ಬಾಗಿಲ ಸಂದಿಗೆ ಬಾಯಿ ಇಟ್ಟು ಮತ್ತೆ ಕೂಗಿದೆ: "ಅವರು ಹೋಗೋವಾಗ ಹೇಳ್ಹೋಗವ್ರೆ! ಮೊದ್ಲು ಹೊಗೆ ಕೊಳವೇಲಿ ಬಟ್ಟೆ ಐತಾ ನೋಡ್ಬೇಕಂತೆ! ಆಮೇಲೆ ತಲೆಗೆ ಬೆಚ್ಚಗೆ ಹರಳೆಣ್ಣೆ ಹುಯ್ದು, ಚಕ್ರ ಎರಡೂ ಕಡೆ ಮೆಲ್ಲಗೆ ಆಡಿಸ್ಬೇಕಂತೆ! ಅವಸರ ಮಾಡ್ಬಾರ್ದಂತೆ!"

ಆ ಮನುಷ್ಯ ಗಾಡಿಯ ಪಕ್ಕದಲ್ಲಿ ನಿಂತು, ಬಾಗಿಲಿನ ಕಡೆ ನೋಡಿ, ರುಮಾಲು ಸರಿಮಾಡಿಕೊಂಡು ನಿಧಾನವಾಗಿ ಕೈ ಮುಗಿದರು. "ಮಂಚಿದಮ್ಮ. ಅವರು ಬಂದಮೇಲೆ ನನ್ನ ನಮಸ್ಕಾರ ಹೇಳಿ" ಎಂದರು.

"ಹೇಳ್ತೀನಿ" ಎಂದೆ. ಇನ್ನೂ ಹೇಳುವುದಕ್ಕಾಗಿಲ್ಲ. ಅವರು ಮನೆಯಲ್ಲಿ ಇರುವುದೇ ಇಲ್ಲ.